ಕೆರೆಯ ತಳ, ಕಡಲ ತಳ: ಚಿಪ್ಪಿನ ಸಣ್ಣ ಜೀವಿಗಳ ಬಗ್ಗೆ ಕೆಲವು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಐವತ್ತು ವರ್ಷ ತುಂಬಿದ ಶಾಲೆಯಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಕಂಪ್ಯೂಟರ್ ಬಗ್ಗೆ ಹತ್ತು ಮಾತು ಹೇಳು" ಅಂದರು. ನಾನು ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಕಂಪ್ಯೂಟರ್ ಬಗ್ಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಬಸವನಹುಳು. ಹಾಗಾಗಿ ಇವತ್ತು ಬಸವನಹುಳು, ಗುಳ್ಳೆ, ಕಪ್ಪೆಚಿಪ್ಪು, ಅವುಗಳಿಗಿಂತ ಬಹಳ ಚಿಕ್ಕದಾದ ಕಡಲ ತಳದ ಚಿಪ್ಪಿನ ಜೀವಿಗಳು, ಇವುಗಳ ಬಗ್ಗೆ ಮಾತನಾಡುತ್ತೇನೆ. ಸಮಿತಿಯವರು ಕ್ಷಮಿಸಬೇಕು.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಹೈಸ್ಕೂಲಿನವರಿಗೆ ಬಿಸಿಯೂಟ ಇರಲಿಲ್ಲ. ಡಬ್ಬಿ ತರುತ್ತಿದ್ದೆವು. ಬೇಸಿಗೆ ಶುರುವಾಗಿ ಕೆರೆ ನೀರು ತೂಬಿನ ಕಡೆಗೆ ಸರಿದಾಗ ನಮ್ಮವ್ವ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದು ಬಸವನಹುಳು ಆಯ್ದು ತರುತ್ತಿದ್ದಳು. ಎರಡು ದಿನ ಒಳ್ಳೆ ನೀರಲ್ಲಿ ಬಿಟ್ಟು, ಚೆನ್ನಾಗಿ ಬೇಯಿಸಿ, ಚಿಪ್ಪಿನಿಂದ ಬಿಡಿಸಿ, ಖಾರ ಅರೆದು ಸಾರು ಮಾಡುತ್ತಿದ್ದಳು. ಮುದ್ದೆಗೆ ಅದಕ್ಕಿಂತ ಒಳ್ಳೆಯ ಸಾರು ನಾನು ಇವತ್ತಿಗೂ ತಿಂದಿಲ್ಲ. ಒಂದು ದಿನ ಅದೇ ಡಬ್ಬಿಗೆ ಬಂತು. ಪಕ್ಕದಲ್ಲಿದ್ದವನು ಇಣುಕಿ ನೋಡಿ, "ಏನೋ ಇದು?" ಅಂದ. ನಾನು "ಕೋಳಿ" ಅಂದೆ. ಅವನು ಒಂದು ತುಂಡು ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ. ಮೂರು ತಿಂಗಳು ನನ್ನ ಹೆಸರು ಹೋಗಿ "ಹುಳ" ಅಂತ ಆಯಿತು. ಆ ಗೆಳೆಯ ಇವತ್ತು ಇಲ್ಲೇ ಕೂತಿದ್ದಾನೆ. ನನ್ನ ಮದುವೆಯಲ್ಲಿ ಬಡಿಸಿದವನೂ ಅವನೇ. ಅವನ ಮೇಲೆ ನನಗೆ ಕೋಪ ಇಲ್ಲ. ಕೋಪ ಇರುವುದು ನನ್ನ ಮೇಲೆ. ಯಾಕೆಂದರೆ ಆ ದಿನ ಮನೆಗೆ ಹೋಗಿ ಅವ್ವನಿಗೆ, "ಇನ್ನು ಮೇಲೆ ಆ ಕೊಳಕನ್ನು ಮನೆಗೆ ತರಬೇಡ" ಅಂದೆ. ಅವಳು ಏನೂ ಅನ್ನಲಿಲ್ಲ. ತರುವುದನ್ನು ನಿಲ್ಲಿಸಿದಳು.

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಈ ವಿಷಯ ಹೇಗೋ ತಿಳಿಯಿತು. ಅವರು ಯಾರನ್ನೂ ಬೈಯಲಿಲ್ಲ. ಮರುದಿನ ಒಂದು ಗಾಜಿನ ಲೋಟದಲ್ಲಿ ಕೆರೆ ನೀರು, ಅದರೊಳಗೆ ಒಂದು ಬಸವನಹುಳು ಹಾಕಿಕೊಂಡು ತರಗತಿಗೆ ಬಂದರು. ಲೋಟದ ಒಳಮೈಗೆ ಹಸಿರು ಪಾಚಿ ಕಟ್ಟಿತ್ತು. ಹುಳು ಗಾಜು ಹತ್ತಿತು. "ಒಬ್ಬೊಬ್ಬರೇ ಬಂದು ಹೊರಗಿನಿಂದ ಅದರ ಬಾಯಿ ನೋಡಿ" ಅಂದರು. ನೋಡಿದೆವು. ಬಾಯಿ ತೆರೆಯುತ್ತದೆ, ಒಳಗಿನಿಂದ ನಾಲಿಗೆಯಂಥದ್ದು ಬಂದು ಗಾಜನ್ನು ಒರೆಸುತ್ತದೆ, ಮತ್ತೆ ಮುಚ್ಚುತ್ತದೆ. ಅದು ಹೋದ ದಾರಿಯಲ್ಲಿ ಪಾಚಿ ಇಲ್ಲ, ಗಾಜು ತಿಳಿಯಾಗಿದೆ. ಆ ನಾಲಿಗೆಯ ಮೇಲೆ ಸಾಲುಸಾಲಾಗಿ ಸಾವಿರಾರು ಸಣ್ಣ ಹಲ್ಲುಗಳಿವೆ, ಅದೊಂದು ಅರದ ಹಾಗೆ ಎಂದರು. ಆಮೇಲೆ ಕರಿಹಲಗೆಯ ಮೇಲೆ ಆಹಾರ ಸರಪಳಿ ಬರೆದರು. ನಮ್ಮ ಪಕ್ಕದಲ್ಲೇ ನಾಗರಹೊಳೆ ಇರುವುದರಿಂದ ನಮಗೆಲ್ಲ ಹುಲ್ಲು, ಜಿಂಕೆ, ಹುಲಿ ಬಾಯಿಪಾಠ. ಅವರು ಅದನ್ನು ಬರೆಯಲಿಲ್ಲ. "ಕೊಳೆತ ಎಲೆ, ಬಸವನಹುಳು, ಕೊಕ್ಕರೆ" ಅಂತ ಬರೆದರು. "ಹುಲಿ ನೋಡಲು ದುಡ್ಡು ಕೊಡಬೇಕು, ಇದನ್ನು ನೋಡಲು ಕೆರೆಗೆ ಹೋದರೆ ಸಾಕು" ಅಂದರು. ನಾನು ಆಗ ಅದನ್ನು ಪರೀಕ್ಷೆಗೆ ಬರುವುದಿಲ್ಲ ಅಂತ ಮರೆತೆ.

ಅದು ಮತ್ತೆ ನೆನಪಾದದ್ದು ಬೆಂಗಳೂರಿನ ಆಫೀಸಿನಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ನೋಡಿ, ಅದರಲ್ಲಿರುವ ಕಾಳಿನಂಥ ವಸ್ತುಗಳನ್ನು ಕಂಪ್ಯೂಟರೇ ಗುರುತಿಸಿ ಎಣಿಸಬೇಕು. ಚಿತ್ರ ತೆರೆದರೆ ಪರದೆಯ ತುಂಬ ಬಸವನಹುಳುವಿನ ಚಿಪ್ಪು! ಕೆಲವು ಸುರುಳಿ, ಕೆಲವು ದ್ರಾಕ್ಷಿ ಗೊಂಚಲಿನ ಹಾಗೆ, ಕೆಲವು ಶಂಖದ ಹಾಗೆ. ಆದರೆ ಅಳತೆ ನೋಡಿದರೆ ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ರಾಗಿಕಾಳಿನ ಪಕ್ಕ ಇಟ್ಟರೆ ರಾಗಿಯೇ ದೊಡ್ಡದಾಗಿ ಕಾಣುವಷ್ಟು. ಅವು ಕಡಲ ತಳದ ಕೆಸರಿನಿಂದ ಬಂದವು. ಅವುಗಳ ಹೆಸರು ಫೊರಾಮಿನಿಫೆರಾ. ಸಣ್ಣ ರಂಧ್ರಗಳನ್ನು ಹೊತ್ತವು ಎಂದು ಆ ಹೆಸರಿನ ಅರ್ಥ.

ಇವು ಬಸವನಹುಳುವಿನ ಬಳಗವಲ್ಲ. ಇಡೀ ಜೀವಿ ಒಂದೇ ಒಂದು ಕೋಶ. ಒಂದು ಕೋಶವೇ ತನಗೊಂದು ಮನೆ ಕಟ್ಟಿಕೊಳ್ಳುತ್ತದೆ. ಕೆಲವು ನೀರಿನಲ್ಲಿ ಕರಗಿರುವ ಸುಣ್ಣದಿಂದ ಕಟ್ಟಿದರೆ ಕೆಲವು ಮರಳಿನ ಕಣಗಳನ್ನು ಒಂದೊಂದಾಗಿ ಆಯ್ದು, ಅಂಟು ಹಚ್ಚಿ, ಗಾರೆ ಕೆಲಸದವರ ಹಾಗೆ ಕಟ್ಟುತ್ತವೆ. ಮನೆಯ ರಂಧ್ರಗಳಿಂದ ದಾರದಂಥ ಕಾಲುಗಳನ್ನು ಹೊರಗೆ ಚಾಚಿ ಬಲೆ ಹರಡುತ್ತವೆ. ಬಲೆಗೆ ಸಿಕ್ಕಿದ್ದೇ ಊಟ. ಈಜಿಪ್ಟಿನ ಗೀಜಾ ಪಿರಮಿಡ್‌ಗಳ ಸುಣ್ಣಕಲ್ಲಿನಲ್ಲಿ ಈ ಬಳಗದ್ದೇ ಒಂದು ದೊಡ್ಡ ಜಾತಿಯ ಚಿಪ್ಪುಗಳು ಕಿಕ್ಕಿರಿದಿವೆ, ನಾಣ್ಯದ ಆಕಾರದಲ್ಲಿ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ಸ್ಟ್ರಾಬೊ ಎಂಬ ಗ್ರೀಕ್ ಭೂಗೋಳಜ್ಞ, ಪಿರಮಿಡ್ ಕಟ್ಟಿದ ಕೂಲಿಗಳು ತಿಂದು ಬಿಟ್ಟ ಬೇಳೆಕಾಳು ಕಲ್ಲಾಗಿದೆ ಎಂದು ಅಲ್ಲಿನವರು ಹೇಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೂಲಿಯವರ ಊಟದ ಮೇಲೆ ಜನಕ್ಕೆ ಯಾವಾಗಲೂ ಕಣ್ಣು!

ಆ ಕೆಲಸಕ್ಕಾಗಿ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಧ್ರುವದ ಕಡಲು. ನಮ್ಮ ದೇಶಕ್ಕೂ ಅಲ್ಲಿಗೂ ನಂಟಿದೆ. 1981ರ ಕೊನೆಯಲ್ಲಿ ಹೊರಟ ಭಾರತದ ಮೊದಲ ತಂಡ 1982ರ ಜನವರಿಯಲ್ಲಿ ಅಂಟಾರ್ಕ್ಟಿಕಾ ಮುಟ್ಟಿತು. 1989ರಿಂದ ಮೈತ್ರಿ, 2012ರಿಂದ ಭಾರತಿ ಎಂಬ ನಮ್ಮ ನೆಲೆಗಳು ಅಲ್ಲಿವೆ. ಉತ್ತರ ಧ್ರುವದ ಕಡೆ 2008ರಿಂದ ಹಿಮಾದ್ರಿ ಇದೆ. ಇವನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಗೋವಾದ ವಾಸ್ಕೊದಲ್ಲಿದೆ. ಮಕ್ಕಳೇ, ವಿಜ್ಞಾನ ಓದಿದರೆ ಅಲ್ಲಿಗೆ ಹೋಗಬಹುದು. ಇದು ನಾನು ಕೊಡಬೇಕಾಗಿದ್ದ ಸ್ಫೂರ್ತಿಯ ಮಾತು, ಇಲ್ಲಿಗೆ ಮುಗಿಯಿತು.

ಈಗ ಆ ಕಡಲನ್ನು ಕಣ್ಣಮುಂದೆ ತಂದುಕೊಳ್ಳಿ. ಚಳಿಗಾಲದಲ್ಲಿ ಅಂಟಾರ್ಕ್ಟಿಕಾದ ಸುತ್ತ ಸಮುದ್ರವೇ ಹೆಪ್ಪುಗಟ್ಟುತ್ತದೆ. ಬಹುಕಾಲದ ಲೆಕ್ಕದಲ್ಲಿ ಸುಮಾರು 1 ಕೋಟಿ 80 ಲಕ್ಷ ಚದರ ಕಿಲೋಮೀಟರ್. ಅಂದರೆ ಭಾರತದಂಥ ಐದಕ್ಕೂ ಹೆಚ್ಚು ದೇಶ ಹಾಸಬಹುದಾದಷ್ಟು ಮಂಜು. ಬೇಸಿಗೆಯಲ್ಲಿ ಅದು ಕರಗಿ ಸುಮಾರು 30 ಲಕ್ಷಕ್ಕೆ ಇಳಿಯುತ್ತದೆ. ಧ್ರುವದ ಹತ್ತಿರ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಉಪ್ಪುನೀರಾದ್ದರಿಂದ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗಿನವರೆಗೂ ನೀರು ನೀರಾಗಿಯೇ ಇರುತ್ತದೆ. ಬೆಳಕಿಲ್ಲದಿದ್ದರೆ ಪಾಚಿ ಬೆಳೆಯುವುದಿಲ್ಲ. ಪಾಚಿ ಇಲ್ಲದಿದ್ದರೆ ಯಾರಿಗೂ ಊಟವಿಲ್ಲ. ಹಾಗಾದರೆ ಅಷ್ಟು ತಿಂಗಳು ಆ ಕಡಲ ತಳದ ಜೀವಿಗಳು ಏನು ತಿಂದು ಬದುಕುತ್ತವೆ?

ಉತ್ತರ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಹಗೇವು. ಬೇಸಿಗೆಯ ಕೆಲವೇ ವಾರಗಳಲ್ಲಿ, ಮಂಜು ಸರಿದು ಬಿಸಿಲು ಬಿದ್ದಾಗ, ನೀರಿನಲ್ಲಿ ಸೂಕ್ಷ್ಮ ಪಾಚಿ ಉಕ್ಕಿ ಬೆಳೆಯುತ್ತದೆ. ಮೇಲೆ ತಿಂದು ಮುಗಿಯದಷ್ಟು. ಉಳಿದದ್ದು ಸತ್ತು ಕೆಳಗೆ ಉದುರುತ್ತದೆ, ಸೋನೆ ಮಳೆಯ ಹಾಗೆ. ತಳದ ಕೆಸರಿನಲ್ಲಿ ಅದು ಸೇರಿಕೊಂಡು, ಆ ಚಳಿಗೆ ಬೇಗ ಕೊಳೆಯದೆ, ಚಳಿಗಾಲದುದ್ದಕ್ಕೂ ಉಳಿಯುತ್ತದೆ. ಆದರೆ ಕೆಸರಿನಲ್ಲಿ ಬೆರೆತ ಈ ಧೂಳಿನಂಥ ಊಟವನ್ನು ಮೀನು ಬಂದು ಆಯ್ದು ತಿನ್ನಲಾರದು. ಯಾರೋ ಅದನ್ನು ಕೂಡಿಸಿ ತುತ್ತು ಮಾಡಬೇಕು. ಆ ಕೆಲಸ ಮಾಡುವವರಲ್ಲಿ ಈ ಒಂದು ಕೋಶದ ಚಿಪ್ಪಿನ ಜೀವಿಗಳು ಮುಖ್ಯ. ಧೂಳು ತಿಂದು ಇವು ಮೈ ಬೆಳೆಸುತ್ತವೆ. ಇವನ್ನು ಹುಳುಗಳು, ಸಣ್ಣ ಶಂಖಗಳು, ಆನೆದಂತದ ಆಕಾರದ ಚಿಪ್ಪಿನ ಜೀವಿಗಳು ತಿನ್ನುತ್ತವೆ. ಅವನ್ನು ಮೀನು, ಮೀನನ್ನು ಸೀಲ್ ಮತ್ತು ಪೆಂಗ್ವಿನ್. ಟಿವಿಯಲ್ಲಿ ನಾವು ಪೆಂಗ್ವಿನ್ ನೋಡಿ ಸಂತೋಷಪಡುತ್ತೇವೆ. ಅದರ ಊಟದ ಒಂದು ದಾರಿ ಕೆಳಗಿನ ಕೆಸರಿನಿಂದ ಬರುತ್ತದೆ.

ಇವು ಬರೀ ಧೂಳು ತಿನ್ನುವ ಬಡಪಾಯಿಗಳೂ ಅಲ್ಲ. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಕೊಲ್ಲಿಯಲ್ಲಿ ಮಂಜಿಗೆ ತೂತು ಕೊರೆದು ಮುಳುಗುಗಾರರು ಇಳಿದು ನೋಡಿದ್ದಾರೆ. ಅಲ್ಲಿ ಅಸ್ಟ್ರಾಮಿನಾ ಎಂಬ ಒಂದು ಜಾತಿ ತನ್ನ ಅಂಟು ಬಲೆಯಲ್ಲಿ ಸಣ್ಣ ಸೀಗಡಿಯಂಥ ಪ್ರಾಣಿಗಳನ್ನೇ ಹಿಡಿದು ತಿನ್ನುತ್ತದೆ. ಕಾಲು, ಕಣ್ಣು, ಹೊಟ್ಟೆ ಎಲ್ಲ ಇರುವ ಪ್ರಾಣಿಯನ್ನು ಒಂದೇ ಕೋಶದ ಜೀವಿ ಬೇಟೆಯಾಡುತ್ತದೆ. ಸರಪಳಿ ಅನ್ನುವ ಮಾತೇ ಇಲ್ಲಿ ಸಾಲದು. ಅದೊಂದು ಬಲೆ. ಎಲ್ಲಿ ಹಿಡಿದೆಳೆದರೂ ಇನ್ನೊಂದು ಕಡೆ ಅಲುಗುತ್ತದೆ. ಉತ್ತರ ಧ್ರುವದ ಕಡೆಗೆ ಹೋದರೆ ಇದೇ ಕೆಲಸವನ್ನು ಕಪ್ಪೆಚಿಪ್ಪಿನಂಥ ಜೀವಿಗಳು ಮಾಡುತ್ತವೆ. ಒಂದು ಟನ್‌ಗೂ ಹೆಚ್ಚು ತೂಗುವ ವಾಲ್ರಸ್ ಎಂಬ ಕಡಲಪ್ರಾಣಿ ಮೀಸೆಯಿಂದ ಕೆಸರು ತಡಕಿ ಒಂದು ಹೊತ್ತಿನ ಊಟಕ್ಕೆ ಸಾವಿರಾರು ಚಿಪ್ಪುಗಳನ್ನು ಹೀರುತ್ತದೆ. ಅಷ್ಟು ದೊಡ್ಡ ಮೈ ನಿಂತಿರುವುದು ಬೆರಳುದ್ದದ ಚಿಪ್ಪಿನ ಮೇಲೆ.

ಇದನ್ನೆಲ್ಲ ಓದುತ್ತಿದ್ದ ರಾತ್ರಿ ನನಗೆ ನಮ್ಮ ಮೇಷ್ಟ್ರ ಲೋಟ ನೆನಪಾಯಿತು. ನಮ್ಮ ಕೆರೆಯೂ ಹೀಗೇ ಅಲ್ಲವೇ? ಅಲ್ಲಿ ಚಳಿಗಾಲದ ಕತ್ತಲೆ ಇದ್ದರೆ ಇಲ್ಲಿ ಬೇಸಿಗೆಯ ಬರ. ಕೆಲವು ತಿಂಗಳು ತುಂಬಿದ ಸಂತೆ, ಉಳಿದ ತಿಂಗಳು ಕಾಯುವುದು.

ನಮ್ಮ ಕೆರೆ, ಗದ್ದೆ, ಕಾಲುವೆಗಳ ತಳದಲ್ಲಿ ಯಾರಿದ್ದಾರೆ ನೋಡಿ. ದೊಡ್ಡ ಬಸವನಹುಳು, ನಮ್ಮ ಸಾರಿನದು. ಇದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನೀರಿದ್ದಾಗ ಕಿವಿರು, ನೀರು ಕೆಟ್ಟಾಗ ಕೊಳವೆಯನ್ನು ಮೇಲಕ್ಕೆ ಚಾಚಿ ಗಾಳಿ. ಕೆರೆ ಬತ್ತಿದಾಗ ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಗಿಲನ್ನು ಭದ್ರವಾಗಿ ಮುಚ್ಚಿ, ಮುಂದಿನ ಮಳೆಯವರೆಗೆ ಮಲಗುತ್ತದೆ. ಇದಕ್ಕಿಂತ ಚಿಕ್ಕದಾದ, ಉದ್ದ ಸುರುಳಿಯ ಇನ್ನೊಂದು ಜಾತಿ ಮೊಟ್ಟೆ ಇಡುವುದಿಲ್ಲ, ಚಿಪ್ಪಿನ ಸಮೇತ ಮರಿ ಹಾಕುತ್ತದೆ. ಕಪ್ಪೆಚಿಪ್ಪು ಒಂದೇ ಕಡೆ ಕೂತು ನೀರನ್ನು ಒಳಗೆಳೆದು ಸೋಸಿ ಬಿಡುತ್ತದೆ. ದಿನಕ್ಕೆ ಲೀಟರುಗಟ್ಟಲೆ. ಅದರ ಮರಿಗಳು ಇನ್ನೂ ವಿಚಿತ್ರ. ಹುಟ್ಟಿದ ಕೂಡಲೇ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ವಾರ ಸವಾರಿ ಮಾಡಿ ಆಮೇಲೆ ಬೇರೆ ಕಡೆ ಉದುರುತ್ತವೆ. ಮೀನಿಲ್ಲದ ಕೆರೆಯಲ್ಲಿ ಕಪ್ಪೆಚಿಪ್ಪಿನ ಸಂತತಿ ಮುಂದುವರಿಯದು.

ಇನ್ನು ಗದ್ದೆಯಲ್ಲಿ ನೀರು ಕಟ್ಟಿದ ಕೆಲವೇ ದಿನಗಳಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಚುರುಚುರು ಓಡಾಡುವುದನ್ನು ನಾಟಿ ಹಾಕುವ ಹೆಂಗಸರು ನೋಡಿರುತ್ತೀರಿ. ಅವು ಆಸ್ಟ್ರಕಾಡ್‌ಗಳು. ಎರಡು ಹೋಳಿನ ಚಿಪ್ಪಿನೊಳಗೆ ಕೂತ ಸೀಗಡಿಯ ದೂರದ ನೆಂಟರು. ಅವುಗಳ ಮೊಟ್ಟೆ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ನೀರು ಬಂದರೆ ಒಡೆಯುತ್ತದೆ. ಇದೇ ಬಳಗದ ಜಾತಿಗಳು ಅಂಟಾರ್ಕ್ಟಿಕಾದ ಕಡಲ ತಳದಲ್ಲೂ ಇವೆ. ಅಲ್ಲಿಗೂ ಕೆ.ಆರ್. ನಗರದ ಭತ್ತದ ಗದ್ದೆಗೂ ಒಂದೇ ಮನೆತನ.

ಇವನ್ನು ತಿನ್ನುವವರು ಯಾರು? ಮೀನಿನ ಮರಿ, ಏರೋಪ್ಲೇನ್ ಚಿಟ್ಟೆಯ ನೀರಿನ ಮರಿ, ಏಡಿ, ಕೆಸರು ಕೆದಕುವ ಗೆಂಡೆ ಮೀನು. ಹಲವು ಮಿಂಚುಹುಳುಗಳ ಮರಿಗಳ ಊಟವೇ ಬಸವನಹುಳು. ರಾತ್ರಿ ಬೇಲಿಯಲ್ಲಿ ಮಿಂಚುವ ಬೆಳಕು ಹಗಲು ಕೆಸರಿನಲ್ಲಿ ತೆವಳಿದ ಚಿಪ್ಪಿನಿಂದ ಬಂದದ್ದು. ಎಲ್ಲಕ್ಕಿಂತ ಮುಖ್ಯವಾಗಿ ಬಾಯ್ಕಳಕ ಕೊಕ್ಕರೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುವ ಹಕ್ಕಿ. ಹುಟ್ಟಿದ ಮರಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಅದು ಬಸವನಹುಳುವಿನ ಚಿಪ್ಪನ್ನು ಒಡೆಯದೆ, ಕೊಕ್ಕಿನ ತುದಿಯನ್ನು ಬಾಗಿಲ ಸಂದಿಗೆ ತೂರಿಸಿ, ಮಾಂಸ ಕತ್ತರಿಸಿ ಎಳೆಯುತ್ತದೆ. ನಮ್ಮವ್ವ ಸೂಜಿಯಲ್ಲಿ ಬಿಡಿಸುತ್ತಿದ್ದ ಹಾಗೇ. ಹುಣಸೂರಿನ ಮೇಲೆ ಹರಿಯುವ ಲಕ್ಷ್ಮಣತೀರ್ಥ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ರಂಗನತಿಟ್ಟು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಬಾಯ್ಕಳಕವೂ ಒಂದು. ಗೂಡಿಗೆ ಕಾವಲಿದೆ, ಬೋರ್ಡಿದೆ. ಊಟ ಇರುವುದು ಮಾತ್ರ ನಮ್ಮಂಥವರ ಗದ್ದೆ ಕೆರೆಗಳಲ್ಲಿ. ಅದಕ್ಕೆ ಬೋರ್ಡಿಲ್ಲ.

ಚಿಪ್ಪಿಗೂ ಒಂದು ಬೆಲೆಯಿದೆ. 1994ರಲ್ಲಿ ನೆದರ್ಲೆಂಡ್ಸ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿನ ಕೆಲವು ಕಾಡುಗಳಲ್ಲಿ ಗುಬ್ಬಚ್ಚಿ ಗಾತ್ರದ ಹಕ್ಕಿಗಳ ಮೊಟ್ಟೆಯ ಸಿಪ್ಪೆ ತೆಳುವಾಗಿ ಒಡೆಯುತ್ತಿತ್ತು. ಆಮ್ಲ ಬೆರೆತ ಮಳೆಯಿಂದ ಮಣ್ಣಿನ ಸುಣ್ಣ ತೊಳೆದುಹೋಗಿ, ಸುಣ್ಣವಿಲ್ಲದೆ ಬಸವನಹುಳು ಕಡಿಮೆಯಾಗಿ, ಅವುಗಳ ಚಿಪ್ಪು ತಿನ್ನಲು ಸಿಗದೆ ಹೀಗಾಗಿತ್ತು. ಚಿಪ್ಪಿನ ಚೂರು, ಕೋಳಿಮೊಟ್ಟೆಯ ಸಿಪ್ಪೆ ಇಟ್ಟಾಗ ಮೊಟ್ಟೆ ಸರಿಯಾಯಿತು. ಕಡಲಿನಲ್ಲೂ ಈಗ ಇಂಥದ್ದೇ ಚಿಂತೆ. ನಮ್ಮ ಹೊಗೆಯಲ್ಲಿ ಸುಮಾರು ಕಾಲು ಭಾಗ ಇಂಗಾಲದ ಡೈಆಕ್ಸೈಡನ್ನು ಕಡಲು ಹೀರುತ್ತಿದೆ. ತಣ್ಣಗಿನ ನೀರು ಹೆಚ್ಚು ಹೀರುತ್ತದೆ. ಸುಣ್ಣದ ಮನೆ ಕಟ್ಟುವವರಿಗೆ ಮೊದಲ ಕಷ್ಟ ಬರುವುದು ಧ್ರುವದಲ್ಲಿ.

ಬಸವನಹುಳುವನ್ನು ದೇವರು ಮಾಡಲು ನಾನು ಬಂದಿಲ್ಲ. ದನ ಕುರಿ ಸಾಕಿದವರು ಈಗಾಗಲೇ ಮನಸ್ಸಿನಲ್ಲಿ ಬೈಯುತ್ತಿರಬಹುದು. ಪಿತ್ತಜನಕಾಂಗದ ಹುಳುಬಾಧೆ, ಗದ್ದದ ಕೆಳಗೆ ನೀರು ತುಂಬಿ ಊದುವ ಕಾಯಿಲೆ ಹರಡುವುದು ಕೆಲವು ಜಾತಿಯ ಸಣ್ಣ ಬಸವನಹುಳುಗಳ ಮೂಲಕವೇ. ಅದು ನಿಜ. ಕೆರೆಯಂಚಿನ ಹಸಿ ಹುಲ್ಲಿಗೆ ದನ ಬಿಡುವವರು ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಔಷಧ ಹಾಕಿಸಬೇಕು. ಆದರೆ ಆ ಸಣ್ಣ ಹುಳುಗಳನ್ನು ತಿಂದು ಅಳತೆಯಲ್ಲಿ ಇಡುವವರೂ ಇದೇ ಬಲೆಯಲ್ಲಿ ಇದ್ದಾರೆ, ಮೀನು, ಏಡಿ, ಹಕ್ಕಿಗಳು. ಬಲೆ ಹರಿದರೆ ಮೊದಲು ಹೋಗುವುದು ಅವು.

ಈಗ ನಾನು ಹೇಳಲು ಬಂದ ಮಾತಿಗೆ ಬರುತ್ತೇನೆ. ಎರಡು ಬೇಸಿಗೆಯ ಹಿಂದೆ ನಮ್ಮೂರ ಕೆರೆಯ ಹೂಳು ತೆಗೆದರು. ಒಳ್ಳೆಯ ಕೆಲಸ. ನಾನೂ ಹಣ ಕೊಟ್ಟವನೇ. ಯಂತ್ರಗಳು ಬಂದವು, ಹತ್ತು ದಿನದಲ್ಲಿ ಏರಿಯಿಂದ ಅಂಗಳದವರೆಗೆ ತಟ್ಟೆ ತೊಳೆದ ಹಾಗೆ ಮಾಡಿದರು. ಮಣ್ಣು ಹೊಗೆಸೊಪ್ಪಿನ ಹೊಲಕ್ಕೆ, ಶುಂಠಿ ಹೊಲಕ್ಕೆ ಹೋಯಿತು. ಮಳೆ ಬಂದು ಕೆರೆ ತುಂಬಿತು. ಎಲ್ಲರೂ ಫೋಟೋ ತೆಗೆದುಕೊಂಡೆವು. ದಸರಾಕ್ಕೆ ಊರಿಗೆ ಬಂದಾಗ, ಇಪ್ಪತ್ತು ವರ್ಷದ ಮೇಲೆ ನಾನೇ ಬಾಯಿಬಿಟ್ಟು ಕೇಳಿದೆ. "ಅವ್ವ, ಬಸವನಹುಳು ಸಾರು ಮಾಡ್ತೀಯಾ?" ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿದಳು: "ಎಲ್ಲಿಂದ ತರಲಿ? ಬಾಚ್ಬುಟ್ರಲ್ಲ, ಬಿತ್ತಕ್ಕೂ ಬಿಡ್ಲಿಲ್ಲ."

ಮರುದಿನ ನಾನು, ನಮ್ಮ ಶಾಲೆಯ ಕೆಲವು ಮಕ್ಕಳು ಒಂದು ಮೀಟರ್ ಚೌಕದ ಬಿದಿರಿನ ಚೌಕಟ್ಟು ಹಿಡಿದು ಕೆರೆಯಂಚಿಗೆ ಇಳಿದೆವು. ಹತ್ತು ಕಡೆ ಇಟ್ಟು ಕೈಯಿಂದ ತಡಕಿದೆವು. ಯಂತ್ರ ಹೋದ ಕಡೆ ಸಿಕ್ಕಿದ್ದು ಖಾಲಿ ಚಿಪ್ಪು. ಕೋಡಿಯ ಹತ್ತಿರ ಬಂಡೆ ಇರುವುದರಿಂದ ಯಂತ್ರ ಒಳಗೆ ಹೋಗಲಾಗದ ಒಂದು ಮೂಲೆ ಉಳಿದಿತ್ತು. ಜೀವಂತ ಹುಳು ಸಿಕ್ಕಿದ್ದು ಅಲ್ಲಿ ಮಾತ್ರ. ಇದು ಒಂದು ಕೆರೆಯಲ್ಲಿ ಒಂದು ದಿನ ನಾವು ಕಂಡದ್ದು. ಇದನ್ನು ಸಿದ್ಧಾಂತ ಅನ್ನುವುದಿಲ್ಲ. ಆದರೆ ಯೋಚಿಸಿ ನೋಡಿ. ನಾವು ಹೂಳು ತೆಗೆಯುವುದು ಯಾವಾಗ? ಕೆರೆ ಬತ್ತಿದಾಗ. ಬಸವನಹುಳು ಕೆಸರಿನೊಳಗೆ ಬಾಗಿಲು ಮುಚ್ಚಿ ಮಲಗುವುದು ಯಾವಾಗ? ಅದೇ ಆಗ. ಆಸ್ಟ್ರಕಾಡ್‌ನ ಮೊಟ್ಟೆ ಕಾಯುವುದೂ ಅದೇ ಮಣ್ಣಿನಲ್ಲಿ. ನಾವು ಟ್ರ್ಯಾಕ್ಟರ್ ಲೆಕ್ಕದಲ್ಲಿ ಹೊಲಕ್ಕೆ ಸಾಗಿಸಿದ್ದು ಬರೀ ಮಣ್ಣಲ್ಲ, ಮುಂದಿನ ವರ್ಷದ ಬಿತ್ತನೆ.

ಇದಕ್ಕೆ ದಾರಿ ಏನು ಎಂದರೆ ನನಗೆ ಉತ್ತರ ಸಿಕ್ಕಿದ್ದು ಮತ್ತೆ ಅಂಟಾರ್ಕ್ಟಿಕಾದಲ್ಲೇ. ಅಲ್ಲಿ ದೊಡ್ಡ ದೊಡ್ಡ ಹಿಮದ ಗುಡ್ಡಗಳು ತೇಲಿ ಬರುತ್ತಾ ತಳವನ್ನು ಉಜ್ಜಿ ಕೆರೆಯುತ್ತವೆ. ನಮ್ಮ ಯಾವ ಯಂತ್ರವೂ ಅದಕ್ಕೆ ಸಮವಲ್ಲ. ಉಜ್ಜಿದ ಜಾಗದಲ್ಲಿ ಒಂದು ಜೀವವೂ ಉಳಿಯುವುದು ಕಷ್ಟ. ಆದರೂ ಲಕ್ಷಾಂತರ ವರ್ಷದಿಂದ ಆ ತಳದಲ್ಲಿ ಜೀವ ಇದೆ. ಕಾರಣ, ಹಿಮಗುಡ್ಡ ಒಂದು ಕಡೆ ಉಜ್ಜಿದರೆ ಪಕ್ಕದ್ದನ್ನು ಬಿಡುತ್ತದೆ. ಬಿಟ್ಟ ಜಾಗದಿಂದ ಮರಿಗಳು ಬಂದು ಖಾಲಿ ಜಾಗ ಮತ್ತೆ ತುಂಬುತ್ತದೆ. ಆ ಚಳಿಯಲ್ಲಿ ನಿಧಾನ, ಎಷ್ಟೋ ವರ್ಷ ಹಿಡಿಯುತ್ತದೆ, ಆದರೆ ತುಂಬುತ್ತದೆ. ನಮ್ಮ ಅಜ್ಜಂದಿರು ಹೂಳು ಹೊಡೆಯುತ್ತಿದ್ದುದೂ ಹೀಗೇ. ಎತ್ತಿನ ಗಾಡಿಯಲ್ಲಿ, ವರ್ಷಕ್ಕಿಷ್ಟು, ಈ ವರ್ಷ ಈ ಬದಿ, ಮುಂದಿನ ವರ್ಷ ಆ ಬದಿ. ಅವರಿಗೆ ಬಸವನಹುಳುವಿನ ಚಿಂತೆ ಇತ್ತೆಂದಲ್ಲ. ಅವರ ಕೈಯಲ್ಲಿ ಅಷ್ಟೇ ಆಗುತ್ತಿತ್ತು. ನಮ್ಮ ಕೈಯಲ್ಲಿ ಈಗ ಎಲ್ಲವೂ ಆಗುತ್ತದೆ. ಅದಕ್ಕೇ ನಾವು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನ ಮಾಡಬೇಕು.

ಮುಂದಿನ ಬೇಸಿಗೆಯಲ್ಲಿ ನಮ್ಮ ಪಕ್ಕದ ಕೆರೆಯ ಹೂಳು ತೆಗೆಯುವ ಮಾತು ನಡೆದಿದೆ. ತೀರ್ಮಾನ ಮಾಡುವವರು ಬಹಳ ಮಂದಿ ಈ ಶಾಮಿಯಾನದ ಕೆಳಗೇ ಇದ್ದೀರಿ. ಹೂಳು ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ಹೂಳು ತೆಗೆಯದ ಕೆರೆ ಕೊನೆಗೆ ಮೈದಾನವಾಗುತ್ತದೆ. ನನ್ನ ಬೇಡಿಕೆ ಮೂರೇ.

ಒಂದು, ಕೆರೆಯ ಅಂಗಳದಲ್ಲಿ ಕಾಲು ಭಾಗವನ್ನು ಮುಟ್ಟದೆ ಬಿಡಿ. ಕೊನೆಗೆ ನೀರು ಬತ್ತುವ ಜಾಗದ ಪಕ್ಕದ್ದಾದರೆ ಇನ್ನೂ ಒಳ್ಳೆಯದು. ಮೂರು ನಾಲ್ಕು ವರ್ಷ ಬಿಟ್ಟು, ಉಳಿದ ಕಡೆ ಹುಳು ಮರಳಿದ ಮೇಲೆ, ಆ ಭಾಗ ತೆಗೆಯಿರಿ.

ಎರಡು, ಶುಂಠಿಯ ಬುಡಕ್ಕೆ ಕೊಳೆರೋಗಕ್ಕೆಂದು ಸುರಿಯುವ ತಾಮ್ರದ ಔಷಧ ಬಸವನಹುಳುವಿಗೆ ವಿಷ. ಆ ನೀರು ನೇರ ಕೆರೆಗೆ ಹರಿಯದ ಹಾಗೆ ಬದುವಿನ ಕೆಳಗೆ ಒಂದು ಗುಂಡಿ ತೋಡಿ. ಡ್ರಮ್ಮು, ಸ್ಪ್ರೇಯರ್‌ಗಳನ್ನು ಕೆರೆಯಲ್ಲಿ ತೊಳೆಯಬೇಡಿ. ಇದು ನಮ್ಮ ದನ ಕುಡಿಯುವ ನೀರೂ ಹೌದು.

ಮೂರು, ಇದು ಶಾಲೆಗೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ದಿನ ಒಂಬತ್ತನೇ ತರಗತಿಯ ಮಕ್ಕಳು, ಶಿಕ್ಷಕರು ಮತ್ತು ಈಜು ಬಲ್ಲ ದೊಡ್ಡವರ ಜೊತೆ, ಮೊಣಕಾಲಿಗಿಂತ ಆಳಕ್ಕೆ ಹೋಗದೆ, ಅದೇ ಚೌಕಟ್ಟನ್ನು ಅದೇ ಹತ್ತು ಜಾಗದಲ್ಲಿ ಇಟ್ಟು ಎಣಿಸಲಿ. ದಿನಾಂಕ, ಜಾಗ, ಎಷ್ಟು ಬಸವನಹುಳು, ಎಷ್ಟು ಕಪ್ಪೆಚಿಪ್ಪು, ಅಂದು ಕಂಡ ಬಾಯ್ಕಳಕ ಎಷ್ಟು, ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆಯಲಿ. ಸಾಫ್ಟ್‌ವೇರ್ ಮಾಡಿಕೊಡು ಅಂತ ಸಮಿತಿಯವರು ಕೇಳಿದರು. ಮಾಡಿಕೊಡುತ್ತೇನೆ, ಆದರೆ ಮೊದಲು ರಿಜಿಸ್ಟರ್. ಕಂಪ್ಯೂಟರ್ ಕೆಡುತ್ತದೆ, ಕಂಪನಿ ಬದಲಾಗುತ್ತದೆ. ಈ ಶಾಲೆಯ ಮೊದಲ ವರ್ಷದ ಹಾಜರಿ ಪುಸ್ತಕ ಇವತ್ತೂ ಆಫೀಸಿನ ಬೀರುವಿನಲ್ಲಿದೆ, ಬೆಳಿಗ್ಗೆ ನೋಡಿ ಬಂದೆ. ಚೌಕಟ್ಟು, ರಿಜಿಸ್ಟರ್ ಎರಡನ್ನೂ ತಂದಿದ್ದೇನೆ. ಮೊದಲ ಪುಟದಲ್ಲಿ ಆ ದಸರಾದ ಎಣಿಕೆ ಬರೆದಿದೆ. ಉಳಿದ ಪುಟ ಖಾಲಿ ಇವೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮವ್ವ ಶಾಲೆಗೆ ಹೋದವಳಲ್ಲ. ಕೆಸರಿನಲ್ಲಿ ಆಯುವಾಗ ಅವಳು ಹೆಬ್ಬೆರಳಿಗಿಂತ ಚಿಕ್ಕದನ್ನು ಮತ್ತೆ ನೀರಿಗೆ ಬಿಡುತ್ತಿದ್ದಳು. ಚಿಕ್ಕವನಿದ್ದಾಗ ನಾನು ಒಂದು ಮರಿಯನ್ನು ಕುಕ್ಕೆಗೆ ಹಾಕಿದ್ದಕ್ಕೆ ಕೈ ಮೇಲೆ ಹೊಡೆದು, "ಮರಿ ಬುಡು, ಮುಂದಿನ್ ವರ್ಸಕ್ಕೆ ಬೇಕು" ಅಂದಿದ್ದಳು. ಧ್ರುವದ ಕಡಲ ಬಗ್ಗೆ ನೂರಾರು ಪುಟ ಓದಿ ನಾನು ತಿಳಿದುಕೊಂಡದ್ದು ಅದಕ್ಕಿಂತ ಹೆಚ್ಚೇನಲ್ಲ. ಅವಳು ಇವತ್ತು ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದಾಳೆ. ಆ ದಿನ ನಾನು ಡಬ್ಬಿಯ ಬಗ್ಗೆ ಆಡಿದ ಮಾತನ್ನು ಇಷ್ಟು ಜನರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಕೋಡಿಯ ಮೂಲೆಯಲ್ಲಿ ಉಳಿದ ಹುಳು ಈ ಮಳೆಯಲ್ಲಿ ಹೆಚ್ಚಿದರೆ, ದೊಡ್ಡದನ್ನು ಮಾತ್ರ ಆಯ್ದು, ಸಾರು ಮಾಡಬೇಕಂತೆ. ನನ್ನ ಗೆಳೆಯನಿಗೂ ಡಬ್ಬಿ ಕಳಿಸುತ್ತಾಳಂತೆ. ಈ ಸಲ ಅವನು ಬೇಡ ಅನ್ನುವ ಹಾಗಿಲ್ಲ.